ಹಸುಗೂಸಿನ ಫಿಟ್ಸ್: ಹೊತ್ತು ಕಳೆಯಬೇಡಿ

ಮಾನ್ಯರೇ,

ಫಿಟ್ಸ್ ಅಂದ್ರೆ ಮೈಯೆಲ್ಲ ಅದುರುವುದು, ಬಾಯಲ್ಲಿ ನೊರೆ ಬರುವುದು ಎಂದೇ ನಮ್ಮಲ್ಲಿ ಜಾಸ್ತಿ ಜನ ತಿಳಿದಿದ್ದಾರೆ. ಹುಟ್ಟಿ ಎರಡು-ಮೂರು ದಿನವಾದ ಕೂಸಿನಲ್ಲಿ ಅದು ಹಾಗೆ ಕಾಣಿಸಬೇಕೆಂದಿಲ್ಲ. ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ. ತುಟಿ ಸುಮ್ಸುಮ್ನೆ ಚಪ್ಪರಿಸುತ್ತದೆ. ಕಾಲು ಸೈಕಲ್ ತುಳಿದಂತೆ ಆಡುತ್ತದೆ. ಕೆಲವೊಮ್ಮೆ ಉಸಿರು ನಿಂತು ಮೈ ನೀಲಿಯಾಗುತ್ತದೆ. ಬರೀ ನಡುಕವಾದರೆ ಕೈಯನ್ನು ಮೆಲ್ಲಗೆ ಹಿಡಿದಾಗ ನಿಲ್ಲುತ್ತದೆ, ಫಿಟ್ಸ್ ನಿಲ್ಲುವುದಿಲ್ಲ. ನಡುಕವಿದ್ದರೂ ವೈದ್ಯರಿಗೆ ತೋರಿಸಲೇಬೇಕು.

ಹೆರಿಗೆ ವೇಳೆ ಮೆದುಳಿಗೆ ಆಮ್ಲಜನಕ ಸಾಲದಿರುವುದು, ಸೋಂಕು, ರಕ್ತದಲ್ಲಿ ಸಕ್ಕರೆ ಅಥವಾ ಕ್ಯಾಲ್ಸಿಯಂ ಕಮ್ಮಿಯಾಗುವುದು ಮುಖ್ಯ ಕಾರಣಗಳು. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದರೆ ಸಕ್ಕರೆ ಎಷ್ಟಿದೆ ಅಂತ ಕೂಡಲೇ ಗೊತ್ತಾಗುತ್ತದೆ. ಕಮ್ಮಿಯಿದ್ದರೆ ರಕ್ತನಾಳದ ಮೂಲಕ ಗ್ಲೂಕೋಸ್ ಕೊಡುತ್ತಾರೆ. ಫಿಟ್ಸ್ ಮುಂದುವರಿದರೆ ಮೊದಲು ಫಿನೋಬಾರ್ಬಿಟೋನ್, ಹಳೆಯ, ಅಗ್ಗದ ಔಷಧಿ. ಇಷ್ಟೆಲ್ಲ ಇರುವಾಗ ಎಳೆಗೂಸಿಗೆ ಬರೆ ಹಾಕುತ್ತಾರಲ್ಲ, ಕರುಳು ಕಿತ್ತು ಬರುತ್ತದೆ. 108ಕ್ಕೆ ಕರೆ ಮಾಡಿ. ಅಷ್ಟರಲ್ಲಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ವೈದ್ಯರಿಗೂ ಅನುಕೂಲ.

ಕೆಲವು ಫಿಟ್ಸ್ ಹೊರಗೆ ಕಾಣುವುದೇ ಇಲ್ಲ, ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತವೆ. ಆರೋಗ್ಯ ಇಲಾಖೆ ಪ್ರತಿ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಇಇಜಿ ಸೌಲಭ್ಯ ಇರುವಂತೆ ನೋಡಿಕೊಳ್ಳಲಿ. ಬಾಣಂತಿ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ಕೈಗೆ ಈ ಲಕ್ಷಣಗಳ ವಿಡಿಯೊ ಕೊಡಲಿ.

– ಒಬ್ಬ ಓದುಗ