ನೋಟಿಸ್ ಬಂದ ದಿನವೇ ಜೊತೆಗೊಬ್ಬರು ಬೇಕು

ಸಂಪಾದಕರಿಗೆ,

ಮಾನ್ಯರೇ,

ವೈದ್ಯರ ಮೇಲೋ ನರ್ಸ್ ಮೇಲೋ ಕೌನ್ಸಿಲ್‌ಗೆ, ಅಂದರೆ ಅವರ ಲೈಸೆನ್ಸ್ ನೋಡಿಕೊಳ್ಳುವ ಮಂಡಳಿಗೆ, ದೂರು ಹೋದರೆ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಲೈಸೆನ್ಸ್ ರದ್ದಾದರೆ ಅದೂ ಬರುತ್ತದೆ. ಈ ಎರಡು ಸುದ್ದಿಗಳ ನಡುವೆ ಎಷ್ಟೋ ಸಲ ವರ್ಷಗಳೇ ಕಳೆದಿರುತ್ತವೆ. ಅಷ್ಟು ದಿನ ಆ ಮನುಷ್ಯರು ಹೇಗಿದ್ದರು, ಯಾರ ಹತ್ತಿರ ಮಾತಾಡಿದರು, ರಾತ್ರಿ ನಿದ್ದೆ ಮಾಡಿದರಾ, ಇದ್ಯಾವುದೂ ಹೊರಗೆ ಗೊತ್ತಾಗುವುದಿಲ್ಲ. ನಾನು ಬರೆಯುತ್ತಿರುವುದು ಆ ದಿನಗಳ ಬಗ್ಗೆ.

ನಾನು ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಕೌನ್ಸಿಲ್ ವಿಚಾರಣೆ ಎದುರಿಸುತ್ತಿರುವ ಸಹೋದ್ಯೋಗಿಗಳು ಕರೆದರೆ ಹೋಗಿ ಅವರ ಜೊತೆ ಕೂರುತ್ತೇನೆ. ಇಂಥ ನೆರವು ಗುರುತು ಪರಿಚಯ ಇದ್ದವರಿಗೆ ಮಾತ್ರ ಸಿಕ್ಕರೆ ಸಾಲದು. ನೋಟಿಸ್ ಕೈಸೇರಿದ ದಿನದಿಂದಲೇ ಎಲ್ಲರಿಗೂ ಸಿಗಬೇಕು, ಕೌನ್ಸಿಲ್‌ಗಳೇ ಅದರ ದಾರಿ ತೋರಿಸಬೇಕು.

ಮೊದಲೇ ಹೇಳಿಬಿಡುತ್ತೇನೆ, ದೂರು ಕೊಟ್ಟ ರೋಗಿಯ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ತಪ್ಪಾಗಿದ್ದರೆ ವಿಚಾರಣೆ ಆಗಲೇಬೇಕು. ಲೈಸೆನ್ಸ್ ಹೋಗಬೇಕಾದ ಕಡೆ ಹೋಗಲಿ. ಆದರೆ ವಿಚಾರಣೆ ಎಂದರೆ ಇನ್ನೂ ತೀರ್ಮಾನ ಆಗಿಲ್ಲ ಎಂದೇ ಅರ್ಥ ಅಲ್ವಾ? ಆ ಅವಧಿಯಲ್ಲಿ ಒಬ್ಬರನ್ನು ಒಂಟಿಯಾಗಿ ಕೊರಗಲು ಬಿಟ್ಟರೆ ರೋಗಿಗೂ ನ್ಯಾಯ ಸಿಕ್ಕಂತಾಗುವುದಿಲ್ಲ.

ಒಬ್ಬ ಕಿರಿಯ ನರ್ಸ್ ಮನೆಗೆ ಹೋದಾಗ ನೋಟಿಸ್ ಟೇಬಲ್ ಮೇಲೆ ಮಗುಚಿ ಇಟ್ಟಿತ್ತು. ಮೊದಲ ಪುಟ ಮಾತ್ರ ಓದಿದ್ದಳು. ಉತ್ತರ ಕೊಡಬೇಕಾದ ಕೊನೆಯ ದಿನಾಂಕ ಎರಡನೇ ಪುಟದಲ್ಲಿತ್ತು, ಅವಳು ಅದನ್ನು ನೋಡಿರಲೇ ಇಲ್ಲ. ಪಕ್ಕದಲ್ಲಿ ರಾತ್ರಿಯೆಲ್ಲ ಕೂತು ಬರೆದ ಉತ್ತರದ ಹಾಳೆಗಳು. ಅರ್ಧ ಅಳು, ಅರ್ಧ ಸಿಟ್ಟು. ಕೌನ್ಸಿಲ್ ಕೇಳಿರದ ವಿಷಯಗಳನ್ನೂ ತುಂಬಿಸಿದ್ದಳು. "ಅಕ್ಕಾ, ನಾಳೆ ಬೆಳಿಗ್ಗೆ ಕಳಿಸಿಬಿಡ್ತೀನಿ, ಮುಗಿದುಹೋಗಲಿ" ಅಂದಳು. ಅದನ್ನು ಡ್ರಾಯರ್‌ನಲ್ಲಿ ಇಡು, ವಕೀಲರು ನೋಡದೆ ಒಂದು ಸಾಲೂ ಹೋಗಬಾರದು ಅಂದೆ. ದಿನಾಂಕಕ್ಕೆ ಪೆನ್ನಿನಲ್ಲಿ ಗುರುತು ಹಾಕಿದೆವು. ಆಮೇಲೆ ಆರೋಪಗಳನ್ನು ಒಂದೊಂದಾಗಿ ಬೇರೆ ಕಾಗದಕ್ಕೆ ಇಳಿಸಿಕೊಂಡಳು. ಅವಳ ತಲೆಯಲ್ಲಿ ಇಪ್ಪತ್ತು ಆರೋಪ ಇದ್ದವು, ಕಾಗದದ ಮೇಲೆ ಮೂರೇ ಇದ್ದವು.

ಇನ್ನೆರಡು ಮಾತನ್ನು ಮೊದಲ ದಿನವೇ ಹೇಳಲೇಬೇಕು. ಕೇಸ್ ಶೀಟ್ ಮುಟ್ಟಬೇಡ. ಬಿಟ್ಟುಹೋದ ಒಂದು ಸಾಲನ್ನು ಈಗ ಸೇರಿಸೋಣ ಅನ್ನಿಸುತ್ತದೆ. ಭಯ ಹಾಗೆ ಮಾಡಿಸುತ್ತದೆ. ಆದರೆ ದೂರು ಬಂದ ಮೇಲೆ ದಾಖಲೆ ತಿದ್ದಿದರೆ, ಎಚ್ಚರಿಕೆಯಲ್ಲೇ ಮುಗಿಯಬಹುದಾಗಿದ್ದ ವಿಷಯ ಸುಳ್ಳು ದಾಖಲೆಯ ಕೇಸಾಗಿ ಲೈಸೆನ್ಸನ್ನೇ ಕಳೆಯಬಹುದು. ಎರಡನೆಯದು, ರೋಗಿಯ ಮನೆಯವರಿಗೆ ಫೋನ್ ಮಾಡಿ ದೂರು ವಾಪಸ್ ತಗೊಳ್ಳಿ ಎಂದು ಬೇಡಿಕೊಳ್ಳಬೇಡ. ಅವರಿಗೆ ಅದು ಬೆದರಿಕೆಯ ಹಾಗೆ ಕೇಳಿಸಬಹುದು. ವಕೀಲರೂ ಇದನ್ನೆಲ್ಲ ಹೇಳುತ್ತಾರೆ, ನಿಜ. ಆದರೆ ವಕೀಲರು ಸಿಗುವ ಹೊತ್ತಿಗೆ ಒಂದು ವಾರ ಕಳೆದಿರುತ್ತದೆ.

ವಕೀಲರು ಹೇಳುವ ಇನ್ನೊಂದು ಮಾತಿದೆ: "ಯಾರ ಹತ್ತಿರವೂ ಮಾತಾಡಬೇಡಿ." ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಾದ ಸಲಹೆಯೇ. ಆದರೆ ಭಯದಲ್ಲಿರುವವರು ಅದನ್ನು ಪೂರ್ತಿ ಬಾಯಿಗೆ ಬೀಗ ಹಾಕಿಕೊಳ್ಳಬೇಕು ಎಂದು ತಿಳಿಯುತ್ತಾರೆ. ಗಂಡನಿಗೂ ಹೇಳದವರನ್ನು, ಹೆತ್ತವರಿಗೂ ಹೇಳದವರನ್ನು ನೋಡಿದ್ದೇನೆ. ಸಸ್ಪೆಂಡ್ ಆಗಿದ್ದರೂ ದಿನಾ ಡ್ಯೂಟಿ ಹೊತ್ತಿಗೆ ಸರಿಯಾಗಿ ಬ್ಯಾಗ್ ಹಿಡಿದು ಮನೆಯಿಂದ ಹೊರಡುವವರೂ ಇದ್ದಾರೆ. ವಾರ್ಡ್‌ನ ಸ್ನೇಹಿತರೂ ದೂರ ಸರಿಯುತ್ತಾರೆ. ಎಲ್ಲರೂ ಕೆಟ್ಟವರೆಂದಲ್ಲ. ಎಲ್ಲಿ ತಮ್ಮನ್ನೂ ಸಾಕ್ಷಿಗೆ ಕರೆಯುತ್ತಾರೋ ಎಂಬ ಹೆದರಿಕೆ.

ಸಹೋದ್ಯೋಗಿ ನೆರವು ಕೆಲಸಕ್ಕೆ ಬರುವುದು ಇಲ್ಲೇ. ಸಾಮಾನ್ಯವಾಗಿ ವಕೀಲರ ಜೊತೆ ಆಡಿದ ಮಾತಿಗೆ ಕಾನೂನಿನ ರಕ್ಷಣೆ ಇರುತ್ತದೆ, ಸ್ನೇಹಿತರ ಜೊತೆ ಆಡಿದ ಮಾತಿಗೆ ಇರುವುದಿಲ್ಲ. ಹಾಗಾಗಿ ನೆರವಿಗೆ ಬಂದವರು ಘಟನೆಯ ವಿವರ ಕೇಳಬಾರದು, ಏನನ್ನೂ ಬರೆದುಕೊಳ್ಳಬಾರದು. ಯಾವ ಔಷಧಿ, ಎಷ್ಟು ಹೊತ್ತಿಗೆ, ಯಾರು ಆರ್ಡರ್ ಬರೆದರು, ಅದೆಲ್ಲ ವಕೀಲರ ಕೋಣೆಗೆ. ಊಟ ಸೇರುತ್ತಿದೆಯಾ, ನಿದ್ದೆ ಬರುತ್ತಿದೆಯಾ, ಮಕ್ಕಳಿಗೆ ಏನು ಹೇಳಲಿ, ಹಿಯರಿಂಗ್ ದಿನ ಎಲ್ಲಿ ಕೂರಬೇಕು, ಮೊದಲು ಯಾರು ಪ್ರಶ್ನೆ ಕೇಳುತ್ತಾರೆ, ಇವೆಲ್ಲ ನಮ್ಮ ಪಾಲಿನ ಮಾತು. ಇದಕ್ಕೆ ತರಬೇತಿ ಬೇಕು. ಸುಮ್ನೆ ಧೈರ್ಯ ಹೇಳಿ ಬರುವುದರಿಂದ ಆಗುವ ಕೆಲಸ ಅಲ್ಲ. "ನಿನ್ನದೇನೂ ತಪ್ಪಿಲ್ಲ ಬಿಡು" ಎನ್ನುವ ಅಧಿಕಾರವೂ ನಮಗಿಲ್ಲ. ಅದನ್ನು ತೀರ್ಮಾನ ಮಾಡುವುದು ಕೌನ್ಸಿಲ್ ಕೆಲಸ.

ಇದು ಎಷ್ಟು ಗಂಭೀರ ಎಂಬುದಕ್ಕೆ ಬ್ರಿಟನ್ನಿನ ಅನುಭವ ನೋಡಿ. ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ ತನ್ನದೇ ವಿಚಾರಣೆಗಳ ಬಗ್ಗೆ 2014ರಲ್ಲಿ ಒಂದು ಪರಿಶೀಲನಾ ವರದಿ ಹೊರತಂದಿತು. 2005ರಿಂದ 2013ರ ನಡುವೆ, ವಿಚಾರಣೆ ನಡೆಯುತ್ತಿದ್ದಾಗಲೇ 28 ವೈದ್ಯರು ಆತ್ಮಹತ್ಯೆ ಮಾಡಿಕೊಂಡಿದ್ದರು, ಇಲ್ಲವೇ ಹಾಗೆಂದು ಶಂಕಿಸಲಾಗಿತ್ತು. ಅವರಲ್ಲಿ ಅನೇಕರಿಗೆ ಮೊದಲೇ ಮಾನಸಿಕ ಕಾಯಿಲೆಯೋ ಕುಡಿತದ ತೊಂದರೆಯೋ ಇತ್ತು, ಎಲ್ಲವನ್ನೂ ವಿಚಾರಣೆಯ ತಲೆಗೆ ಕಟ್ಟಲಾಗದು. ಆದರೆ ನೆರವು ಜಾಸ್ತಿ ಬೇಕಾಗಿದ್ದವರೂ ಅವರೇ ಅಲ್ವಾ? ಆರೋಪ ಸಾಬೀತಾಗುವವರೆಗೆ ವೈದ್ಯರನ್ನು ನಿರಪರಾಧಿ ಎಂದೇ ನಡೆಸಿಕೊಳ್ಳಬೇಕು, ದೇಶಕ್ಕೆಲ್ಲ ಒಂದು ಬೆಂಬಲ ಸೇವೆ ಬೇಕು ಎಂದು ಆ ವರದಿಯೇ ಹೇಳಿತು.

ಮರುವರ್ಷ, 2015ರಲ್ಲಿ, ಅಲ್ಲಿನದೇ 7,926 ವೈದ್ಯರ ಉತ್ತರಗಳನ್ನು ಆಧರಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಇತ್ತೀಚೆಗೆ ದೂರು ಎದುರಿಸಿದವರಲ್ಲಿ ಶೇ 16.9 ಮಂದಿಗೆ ಮಧ್ಯಮ ಅಥವಾ ತೀವ್ರ ಖಿನ್ನತೆ ಇತ್ತು. ದೂರು ಕೌನ್ಸಿಲ್‌ವರೆಗೆ ಹೋಗಿದ್ದವರಲ್ಲಿ ಅದು ಶೇ 26.3. ಪ್ರಶ್ನಾವಳಿ ಹೋದವರಲ್ಲಿ ಉತ್ತರಿಸಿದವರು ಶೇ 8ರಷ್ಟು ಮಾತ್ರ, ಅದನ್ನು ಮರೆಯಬಾರದು. ರೋಗಿಗಳು ಗಮನಿಸಬೇಕಾದ ಅಂಶ ಇನ್ನೊಂದಿದೆ. ಉತ್ತರಿಸಿದವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಜಾಸ್ತಿ ಜನ ದೂರಿನ ಭಯಕ್ಕೆ ಬೇಡದ ಟೆಸ್ಟ್ ಬರೆಯುವಂಥ ಅತಿ ಎಚ್ಚರಿಕೆ ರೂಢಿಸಿಕೊಂಡಿದ್ದರು. ಅರ್ಧದಷ್ಟು ಜನ ಕಷ್ಟದ ಕೇಸುಗಳಿಂದ, ಚಿಕಿತ್ಸೆಗಳಿಂದ ದೂರ ಸರಿಯುತ್ತಿದ್ದರು. ಹೆದರಿದ ವೈದ್ಯರ ಮುಂದೆ ಕೂರಬೇಕಾದವರು ರೋಗಿಗಳೇ.

ವಿಚಾರಣೆ ಎದುರಿಸುವ ಬ್ರಿಟನ್ನಿನ ವೈದ್ಯರಿಗೆ 2012ರಲ್ಲೇ ಸಹೋದ್ಯೋಗಿ ನೆರವಿನ ಒಂದು ಸೇವೆ ಶುರುವಾಗಿತ್ತು. ಹಣ ಕೌನ್ಸಿಲ್‌ನದು, ನಡೆಸುತ್ತಿದ್ದುದು ವೈದ್ಯರ ಸಂಘ, ಫೋನ್ ಎತ್ತುತ್ತಿದ್ದುದು ಇನ್ನೊಬ್ಬ ವೈದ್ಯರು. ಸಂಘದ ಸದಸ್ಯರಲ್ಲದವರಿಗೂ ಉಚಿತವಾಗಿತ್ತು. ಹಿಯರಿಂಗ್ ದಿನ ಬೇಕಾದರೆ ಜೊತೆಗೂ ಬರುತ್ತಿದ್ದರು. ನನ್ನ ಕಣ್ಣಿಗೆ ಸರಿಯಾಗಿ ಕಂಡ ಏರ್ಪಾಡು ಇದು.

ಆಸ್ಪತ್ರೆಗಳಲ್ಲೇ ಕೆಲವು ಕಡೆ ಇಂಥ ತಂಡಗಳಿವೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ 2011ರಲ್ಲಿ ಅಂಥದ್ದೊಂದು ಶುರು ಮಾಡಿತು. ಅವಘಡ ಆದ ದಿನಗಳಿಗೆ ಅವು ಒಳ್ಳೆಯವೇ. ಆದರೆ ಕೌನ್ಸಿಲ್‌ಗೆ ದೂರು ಕೊಟ್ಟಿದ್ದು ಆಸ್ಪತ್ರೆಯೇ ಆಗಿದ್ದರೆ? ಅದೇ ಆಸ್ಪತ್ರೆಯ ತಂಡದ ಮುಂದೆ ಯಾರು ಬಾಯಿ ಬಿಡುತ್ತಾರೆ? ಲೈಸೆನ್ಸ್ ಉಳಿಯಬೇಕಾದರೆ ವಾರಕ್ಕೊಮ್ಮೆ ಬರಲೇಬೇಕು, ಬಂದಿದ್ದನ್ನು ಮಂಡಳಿಗೆ ವರದಿ ಮಾಡುತ್ತೇವೆ ಎನ್ನುವ ಗುಂಪುಗಳೂ ಇವೆ. ಕುಡಿತ, ಮಾದಕ ವ್ಯಸನದ ಕೇಸುಗಳಲ್ಲಿ ಆ ನಿಗಾ ಬೇಕಾಗಬಹುದು. ನಾನು ಕೇಳುತ್ತಿರುವ ನೆರವು ಮಾತ್ರ ಅದಲ್ಲ. ಎದುರಿಗೆ ಕೂತವರು ಮೇಲಿನವರಿಗೆ ವರದಿ ಬರೆಯುತ್ತಾರೆ ಎಂದು ಗೊತ್ತಿದ್ದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ನರ್ಸ್, ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್ ಇವರ ಪಾಡು ವೈದ್ಯರಿಗಿಂತ ಕಷ್ಟ. ಅನೇಕ ವೈದ್ಯರಿಗೆ ವೃತ್ತಿ ವಿಮೆ ಇರುತ್ತದೆ, ವಿಮೆಯವರೇ ವಕೀಲರನ್ನು ಕೊಡುತ್ತಾರೆ. ನರ್ಸ್‌ಗಳಲ್ಲಿ ಎಷ್ಟೋ ಜನ ಆಸ್ಪತ್ರೆಯ ವಕೀಲರನ್ನೇ ತಮ್ಮ ವಕೀಲರು ಎಂದುಕೊಂಡಿರುತ್ತಾರೆ. ಅವರು ಕಾಯುವುದು ಆಸ್ಪತ್ರೆಯ ಹಿತವನ್ನು. ನಿನಗೆ ಬೇರೆ ವಕೀಲರು ಬೇಕು ಎಂದು ಹೇಳಿದಾಗ ಮುಖ ಬಿಳಿಚಿಕೊಳ್ಳುವುದನ್ನು ನಾನು ನೋಡಿದ್ದೇನೆ.

ಕೌನ್ಸಿಲ್‌ಗಳಿಂದ ದೊಡ್ಡದೇನನ್ನೂ ಕೇಳುತ್ತಿಲ್ಲ. ನೋಟಿಸ್‌ನ ಮೊದಲ ಪುಟದಲ್ಲೇ ನಾಲ್ಕು ಸಾಲು ಬರೆಯಿರಿ: ಉತ್ತರಕ್ಕೆ ಕೊನೆಯ ದಿನ ಯಾವುದು, ವಕೀಲರ ಸಹಾಯ ಪಡೆಯಬಹುದು, ಮಾತಾಡಲು ಕೌನ್ಸಿಲ್‌ಗೆ ಸಂಬಂಧಪಡದ ಒಬ್ಬ ಸಹೋದ್ಯೋಗಿಯ ನೆರವು ಈ ನಂಬರಿನಲ್ಲಿ ಸಿಗುತ್ತದೆ, ಆ ಮಾತು ನಿಮ್ಮ ಕಡತಕ್ಕೆ ಸೇರುವುದಿಲ್ಲ. ಯಾರದಾದರೂ ಜೀವಕ್ಕೆ ಅಪಾಯ ಕಂಡರೆ ಮಾತ್ರ ಗುಟ್ಟು ಮುರಿಯಬೇಕಾಗುತ್ತದೆ, ಅದನ್ನೂ ಮೊದಲೇ ತಿಳಿಸಿ. ಆ ನಂಬರಿನ ಹಿಂದಿರುವವರಿಗೆ ತರಬೇತಿ ಕೊಡುವ ಖರ್ಚನ್ನು ನೋಂದಣಿ ಶುಲ್ಕದಿಂದಲೇ ತೆಗೆಯಬಹುದು.

ತೀರ್ಪು ಬಂದ ಕೂಡಲೇ ಆ ನಂಬರ್ ನಿಲ್ಲಬಾರದು. ಸಸ್ಪೆನ್ಷನ್ ಮುಗಿಸಿ ಬಂದವರಿಗೆ ಮೊದಲ ಶಿಫ್ಟ್ ತುಂಬಾ ಕಷ್ಟ. ಔಷಧಿ ಟ್ರೇ ಮುಂದೆ ನಿಂತು ಒಂದೇ ಲೇಬಲ್ ಮತ್ತೆ ಮತ್ತೆ ಓದುತ್ತಾರೆ. ಲೈಸೆನ್ಸ್ ಪೂರ್ತಿ ಕಳೆದುಕೊಂಡವರ ಸ್ಥಿತಿ ಇನ್ನೂ ಕಠಿಣ. ಅವರು ಇನ್ನು ಸಹೋದ್ಯೋಗಿಗಳಲ್ಲ ಎಂದು ನಾವು ಬಾಗಿಲು ಹಾಕಿಕೊಳ್ಳಬಾರದು. ಕನಿಷ್ಠ ಒಂದು ವರ್ಷವಾದರೂ ಅವರ ಫೋನ್ ಎತ್ತುವವರು ಇರಲಿ. ಈ ವಿಷಯ ಎಲ್ಲ ಕೌನ್ಸಿಲ್‌ಗಳ ಮುಂದಿನ ಸಭೆಯಲ್ಲೇ ಚರ್ಚೆಗೆ ಬರಲಿ ಎಂದು ಕೋರುತ್ತೇನೆ.

ಇಂತಿ,
ಒಬ್ಬ ನಿವೃತ್ತ ನರ್ಸ್