ಜ್ವರ ಬಂದೋರ ಟಿಕೆಟ್ ದುಡ್ಡು ಮುಳುಗಬಾರ್ದು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪುರವಣೀಲಿ ವಿದೇಶದ ಥೀಮ್ ಪಾರ್ಕ್‌ಗಳ ಬಗ್ಗೆ ಬಂದ ಲೇಖನ ಓದ್ದೆ. ಚೆನ್ನಾಗಿತ್ತು, ಯಾವ ತಿಂಗಳು ಹೋದ್ರೆ ರಶ್ ಕಮ್ಮಿ, ಬೆಳಿಗ್ಗೆ ಯಾವ ರೈಡ್ ಕಡೆ ಮೊದ್ಲು ಹೋಗ್ಬೇಕು, ಮಕ್ಕಳ ಎತ್ತರ ಎಷ್ಟಿರ್ಬೇಕು ಅಂತೆಲ್ಲ ಬರ್ದಿದ್ರು. ಆದ್ರೆ ಕೋವಿಡ್ ಮುಗೀತು, ಇನ್ನು ಆ ಬಗ್ಗೆ ತಲೆ ಕೆಡಿಸ್ಕೊಳ್ಳೋದೇ ಬೇಡ ಅನ್ನೋ ಹಾಗೆ ಲೇಖನ ಮುಗಿಸಿದ್ದು ನಂಗೆ ಸರಿ ಕಾಣ್ಲಿಲ್ಲ, ಅದಕ್ಕೇ ಈ ಪತ್ರ. 2023ರ ಮೇ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗೀತು ಅಂತ ಹೇಳಿದ್ದು ನಿಜ. ಆದ್ರೆ ಆ ಮೂರು ವರ್ಷದಲ್ಲಿ ಪಾರ್ಕಿನೋರು, ವಿಮಾನ ಕಂಪನಿಯೋರು, ಟೂರ್ ನಡೆಸೋರು ಸರಿ ಮಾಡ್ಬೇಕಿದ್ದ ಒಂದು ಮುಖ್ಯ ವಿಷ್ಯ ಹೆಚ್ಚುಕಮ್ಮಿ ಹಾಗೇ ಉಳ್ಕೊಂಡಿದೆ. ಕಾಯಿಲೆ ಬಿದ್ದೋರು ಮನೇಲಿ ಇರ್ಬೇಕು ಅಂತ ಎಲ್ರೂ ಬೋರ್ಡ್ ಹಾಕಿದ್ರು, ಮನೇಲಿ ಉಳಿದ್ರೆ ಅವ್ರ ದುಡ್ಡು ಏನಾಗುತ್ತೆ ಅಂತ ಮಾತ್ರ ಹೆಚ್ಚಿನೋರು ಹೇಳ್ಲಿಲ್ಲ.

ಪಾರ್ಕ್ ತೆಗ್ದಿದೆ ಅಂದ್ರೆ ಹೋಗೋದಕ್ಕೆ ತೊಂದ್ರೆ ಇಲ್ಲ ಅಂತ ಆವಾಗ ತುಂಬಾ ಜನ ಅಂದ್ಕೊಂಡಿದ್ರು, ಈಗ್ಲೂ ಅಂದ್ಕೋತಾರೆ. 2020ರ ಜನವರಿ ಕೊನೇಲಿ ಶಾಂಘೈ, ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಬಾಗ್ಲು ಹಾಕಿದ್ವು, ಫೆಬ್ರವರಿ ಕೊನೇಗೆ ಟೋಕಿಯೊ, ಮಾರ್ಚ್ ಮಧ್ಯದ ಹೊತ್ತಿಗೆ ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಪ್ಯಾರಿಸ್ ಎಲ್ಲಾ ಬಂದ್. ತೆಗೆಯೋವಾಗ ಮಾತ್ರ ಒಂದೊಂದು ಕಡೆ ಒಂದೊಂದು ಲೆಕ್ಕ. ಶಾಂಘೈ ಅದೇ ವರ್ಷ ಮೇ 11ಕ್ಕೇ ತೆಗೀತು, ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಜುಲೈ 11ಕ್ಕೆ. ಅದರ ಮಾರನೇ ದಿನ ಫ್ಲಾರಿಡಾದಲ್ಲಿ ಒಂದೇ ದಿನಕ್ಕೆ 15 ಸಾವಿರದ ಮೇಲೆ ಹೊಸ ಕೇಸ್ ವರದಿ ಆದ್ವು, ಅಲ್ಲೀವರೆಗೆ ಅಮೆರಿಕದ ಯಾವ ರಾಜ್ಯದಲ್ಲೂ ಒಂದೇ ದಿನ ಅಷ್ಟು ಬಂದಿರ್ಲಿಲ್ಲ. ಪಾರ್ಕಿಂದ ಬಂತು ಅಂತ ನಾನು ಹೇಳ್ತಿಲ್ಲ, ಒಂದೇ ದಿನಕ್ಕೆ ಹಂಗೆ ಆಗೋದೂ ಇಲ್ಲ, ಅಂಥಾ ಹೊತ್ತಲ್ಲೂ ಗೇಟ್ ತೆಗ್ದಿದ್ರು ಅನ್ನೋದಷ್ಟೇ ನನ್ನ ಮಾತು. ಅದೇ ಕಂಪನಿಯ ಕ್ಯಾಲಿಫೋರ್ನಿಯಾ ಪಾರ್ಕ್ 2021ರ ಏಪ್ರಿಲ್ 30ರವರೆಗೂ ತೆಗೀಲಿಲ್ಲ, ತೆಗೆದಾಗ್ಲೂ ಮೊದ್ಲು ಆ ರಾಜ್ಯದೋರಿಗೆ ಮಾತ್ರ. ಕಂಪನಿ ಒಂದೇ, ದೇಶ ಒಂದೇ, ವೈರಸ್ಸೂ ಒಂದೇ, ಆದ್ರೂ ಎರಡಕ್ಕೂ ಒಂಬತ್ತು ತಿಂಗಳಿಗಿಂತ ಜಾಸ್ತಿ ಅಂತರ. ಅಂದ್ರೆ ಗೇಟ್ ತೆಗೆಯೋದು ಆಯಾ ಸರ್ಕಾರದ ತೀರ್ಮಾನ, ಅದನ್ನ ನಂಬ್ಕೊಂಡು ನಮ್ಮನೇ ವಯಸ್ಸಾದೋರನ್ನ, ಸಣ್ಣ ಮಕ್ಕಳನ್ನ ಕರ್ಕೊಂಡು ಹೊರಡೋದು ಬೇರೆ ವಿಷ್ಯ.

ಇನ್ನು ಗೇಟಲ್ಲಿ ಏನು ನೋಡ್ತಿದ್ರು, ಹಣೆಗೆ ಥರ್ಮಲ್ ಗನ್ ಹಿಡಿಯೋದು. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಒಳಗೆ ಬಿಡ್ತಿರ್ಲಿಲ್ಲ. ಕೋವಿಡ್ ಬಂದೋರು ಲಕ್ಷಣ ಕಾಣಿಸ್ಕೊಳ್ಳೋ ಒಂದೆರಡು ದಿನ ಮುಂಚೇನೇ ಬೇರೆಯವ್ರಿಗೆ ಹರಡೋಕೆ ಶುರು ಮಾಡ್ತಾರೆ, ಕೆಲವ್ರಿಗೆ ಜ್ವರಾನೇ ಬರಲ್ಲ, ಬಂದ್ರೂ ಒಂದು ಪ್ಯಾರಾಸಿಟಮಾಲ್ ನುಂಗಿದ್ರೆ ಸ್ವಲ್ಪ ಹೊತ್ತು ಇಳಿಯುತ್ತೆ. ಇದು ಎಲ್ರಿಗೂ ಗೊತ್ತಿತ್ತು.

ನಾನೇ ಕಣ್ಣಾರೆ ನೋಡಿದ್ದು ಹೇಳ್ತೀನಿ. ಪಾರ್ಕಿನ ಗೇಟ್ ಮುಂದೆ ಹಗ್ಗ ಕಟ್ಟಿ ಕ್ಯೂ ಮಾಡಿದ್ರು, ನೆಲದ ಮೇಲೆ ನಿಂತ್ಕೊಳ್ಳೋಕೆ ಪಾದದ ಗುರುತಿನ ಸ್ಟಿಕ್ಕರ್. ನಮ್ಮ ಮುಂದೆ ಒಬ್ಬ ತಾಯಿ, ಮಗು ನಾಲ್ಕೈದು ವರ್ಷದ್ದು ಇರ್ಬೇಕು, ಕೆನ್ನೆ ಕೆಂಪಾಗಿ ಕಣ್ಣು ಜೋಲ್ತಿತ್ತು. ಆಕೆ ಬ್ಯಾಗಿಂದ ಸಿರಪ್ ಬಾಟಲಿ ತೆಗ್ದು ಮುಚ್ಚಳದಲ್ಲಿ ಅಳತೆ ಮಾಡಿ ಕುಡಿಸಿದ್ರು, ಆಮೇಲೆ ನೀರಿನ ಬಾಟಲಿಂದ ಕರ್ಚೀಫ್ ಒದ್ದೆ ಮಾಡಿ ಹಣೆ ಒರೆಸಿ, ಒಣಗೋವರೆಗೆ ಕೈಯಲ್ಲೇ ಗಾಳಿ ಹಾಕಿ, ಹಿಂದಿದ್ದ ಎರಡು ಕುಟುಂಬಾನ ಮುಂದೆ ಹೋಗಿ ಅಂತ ಸನ್ನೆ ಮಾಡಿ ಬಿಟ್ರು. ಔಷಧಿ ಕೆಲ್ಸ ಮಾಡ್ಲಿ ಅಂತ ಕಾಯ್ತಿದ್ರು. ಆಮೇಲೆ ಗೇಟಲ್ಲಿ ಏನೂ ತೊಂದ್ರೆ ಆಗ್ಲಿಲ್ಲ, ಒಳಗೆ ಹೋದ್ರು. ನಮ್ಮ ಜೊತೆ ಬಂದೋರು ಒಬ್ರು ಎಂಥಾ ತಾಯಿ ಇವ್ಳು ಅಂತ ಬೈದ್ರು, ನಂಗೆ ಮಾತ್ರ ಆಕೆ ಮೇಲೆ ಸಿಟ್ಟು ಬರ್ಲಿಲ್ಲ, ಸಂಕಟ ಆಯ್ತು. ತಿಂಗಳುಗಟ್ಲೆ ಕೂಡಿಟ್ಟ ದುಡ್ಡು, ಆ ಒಂದು ದಿನಕ್ಕೆ ಅಂತ ಡೇಟ್ ಹಾಕಿರೋ ಟಿಕೆಟ್, ಹೋಟೆಲ್ಲು, ವಿಮಾನ, ಯಾವುದೂ ವಾಪಸ್ ಬರಲ್ಲ. ಆ ಮಗೂನ ರೂಮಲ್ಲಿ ಮಲಗಿಸ್ಬೇಕು ಅಂದ್ರೆ ಅಷ್ಟೂ ಕಳ್ಕೋಬೇಕು. ಅಂಥಾ ಆಯ್ಕೆ ಮುಂದಿಟ್ರೆ ಎಷ್ಟು ಜನ ರೂಮಲ್ಲಿ ಉಳೀತಾರೆ ಹೇಳಿ?

ಕಾಯಿಲೆ ಕೋವಿಡ್ಡೇ ಆಗ್ಬೇಕು ಅಂತಾನೂ ಇಲ್ಲ. 2014ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಿಂದ ದಡಾರ ಹರಡಿದ್ದು ತುಂಬಾ ಜನಕ್ಕೆ ನೆನಪೇ ಇಲ್ಲ. 2015ರ ಫೆಬ್ರವರಿ ಹೊತ್ತಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅದಕ್ಕೆ ಸಂಬಂಧಪಟ್ಟ 125 ಕೇಸ್ ಲೆಕ್ಕ ಹಾಕಿತ್ತು, ಅದ್ರಲ್ಲಿ ಕ್ಯಾಲಿಫೋರ್ನಿಯಾದ 39 ಜನ ಡಿಸೆಂಬರ್ 17ರಿಂದ 20ರ ಒಳಗೆ ಆ ಪಾರ್ಕ್‌ಗಳಿಗೆ ಹೋಗಿದ್ದೋರು. ಮೊದ್ಲು ಯಾರಿಂದ ಬಂತು ಅಂತ ಕೊನೇವರೆಗೂ ಸಿಗ್ಲಿಲ್ಲ. ದಡಾರದ ವೈರಸ್ಸು ರೋಗಿ ಎದ್ದು ಹೋದ್ಮೇಲೂ ಎರಡು ಗಂಟೆವರೆಗೆ ಆ ಜಾಗದ ಗಾಳೀಲಿ ಇರುತ್ತೆ. ದೇಶ ದೇಶದಿಂದ ಬಂದೋರು ಒಂದೇ ಮುಚ್ಚಿದ ಹಾಲ್‌ನಲ್ಲಿ ಮುಕ್ಕಾಲು ಗಂಟೆ ಕ್ಯೂ ನಿಂತು, ಸಂಜೆ ಒಂದೇ ಶಟಲ್ ಬಸ್ ಹತ್ತಿ, ಎರಡು ದಿನ ಬಿಟ್ಟು ಬೇರೆ ಬೇರೆ ವಿಮಾನ ಹತ್ತಿ ಮನೆಗೆ ಹೋಗ್ತಾರೆ, ಮಕ್ಕಳು ಸ್ಕೂಲಿಗೆ ಹೋಗ್ತಾರೆ. ರೋಲರ್ ಕೋಸ್ಟರ್ ಮೇಲೆ ಗಾಳಿಗೆ ಮುಖ ಒಡ್ಡಿ ಕೂತಿರೋ ಮೂರು ನಿಮಿಷಕ್ಕಿಂತ ಈ ಕ್ಯೂ, ಈ ಬಸ್ಸು, ಒಳಗಿನ ಊಟದ ಹಾಲ್ ಇವೇ ಜಾಸ್ತಿ ಅಪಾಯ. (ಜಪಾನಿನ ಪಾರ್ಕುಗಳು ರೈಡ್ ಮೇಲೆ ಕಿರುಚಬೇಡಿ ಅಂತ ಕೇಳ್ಕೊಂಡಿದ್ವು, ಫುಜಿ-ಕ್ಯೂ ಹೈಲ್ಯಾಂಡ್‌ನ ಇಬ್ರು ಅಧಿಕಾರಿಗಳು ಸೂಟು ಮಾಸ್ಕು ಹಾಕ್ಕೊಂಡು ರೋಲರ್ ಕೋಸ್ಟರ್ ಮೇಲೆ ಒಂದು ಸದ್ದೂ ಮಾಡ್ದೆ ಕೂತು ವಿಡಿಯೋ ಮಾಡಿ ತೋರಿಸಿದ್ರು. ನಂಗೆ ಅವ್ರ ಮೇಲೆ ಗೌರವ ಇದೆ, ಜನಕ್ಕೆ ಹೇಳೋದನ್ನ ತಾವೇ ಮಾಡಿ ತೋರಿಸಿದ್ರು.)

ವಿದೇಶ ಪ್ರಯಾಣ ಅಂದ್ರೆ ಇದ್ರ ಮೇಲೆ ಇನ್ನೊಂದು ಕಷ್ಟ, ನಾವು ಅಲ್ಲಿರೋವಾಗ್ಲೇ ರೂಲ್ಸ್ ಬದಲಾಗಿಬಿಡುತ್ತೆ. 2020ರ ಆಗಸ್ಟ್ 13ರ ರಾತ್ರಿ ಬ್ರಿಟನ್ ಸರ್ಕಾರ ಫ್ರಾನ್ಸಿಂದ ಬರೋರು 14 ದಿನ ಕ್ವಾರಂಟೈನ್ ಇರ್ಬೇಕು ಅಂತು, ಜಾರಿ 15ರ ಬೆಳಗಿನ ಜಾವ 4 ಗಂಟೆಗೆ. ರಜೆಗೆ ಅಂತ ಹೋಗಿದ್ದೋರು ಹಡಗಿಗೆ, ರೈಲಿಗೆ ಮುಗಿಬಿದ್ರು. 2021ರ ನವೆಂಬರ್ 26ರಂದು ಒಮೈಕ್ರಾನ್ ಸುದ್ದಿ ಬಂದಾಗ ಜೋಹಾನ್ಸ್‌ಬರ್ಗ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಎರಡು ವಿಮಾನ ಬಂದಿಳಿದ್ವು, 600ಕ್ಕೂ ಹೆಚ್ಚು ಜನ, ಗಂಟೆಗಟ್ಲೆ ಕೂರಿಸಿ ಟೆಸ್ಟ್ ಮಾಡಿದ್ರೆ 60ಕ್ಕೂ ಹೆಚ್ಚು ಜನಕ್ಕೆ ಪಾಸಿಟಿವ್. ಅದೇ ವರ್ಷ ಅಕ್ಟೋಬರ್ 31ಕ್ಕೆ ಶಾಂಘೈ ಡಿಸ್ನಿಲ್ಯಾಂಡ್‌ನಲ್ಲಿ, ಹಿಂದಿನ ದಿನ ಬಂದಿದ್ದ ಒಬ್ರಿಗೆ ಪಾಸಿಟಿವ್ ಅಂತ ಗೊತ್ತಾಗಿ, ಒಳಗಿದ್ದ 30 ಸಾವಿರದ ಮೇಲೆ ಜನಕ್ಕೆ ಟೆಸ್ಟ್ ಮಾಡಿಸ್ದೆ ಹೊರಗೆ ಬಿಡ್ಲಿಲ್ಲ. ಮೇಲೆ ಪಟಾಕಿ ಹಾರ್ತಿದೆ, ಕೆಳಗೆ ಪಿಪಿಇ ಸೂಟ್ ಹಾಕ್ಕೊಂಡೋರು ಮೂಗಿಗೆ ಕಡ್ಡಿ ಹಾಕ್ತಿದ್ದಾರೆ, ಆ ಫೋಟೋ ಎಲ್ಲಾ ಕಡೆ ಬಂದಿತ್ತು. ಭಾಷೆ ಬರದ ಊರಲ್ಲಿ, ವೀಸಾ ಮುಗೀತಾ ಬಂದಿರೋವಾಗ, ಕೈಲಿರೋ ಬಿಪಿ ಮಾತ್ರೆ ಖಾಲಿ ಆಗ್ತಿರೋವಾಗ ಹೀಗೆ ಸಿಕ್ಕಾಕ್ಕೊಳ್ಳೋದು ಹುಡುಗಾಟ ಅಲ್ಲ.

ಈಗ ದುಡ್ಡಿನ ವಿಷ್ಯಕ್ಕೆ ಬರ್ತೀನಿ. ವಿಮಾನ ಕಂಪನಿಯೇ ಫ್ಲೈಟ್ ಕ್ಯಾನ್ಸಲ್ ಮಾಡಿದ್ರೆ ವಾಪಸ್ ಕೊಡ್ಬೇಕು ಅನ್ನೋದು ಹಳೇ ನಿಯಮ, ಅದನ್ನೂ ಹೊಡೆದಾಡಿ ಇಸ್ಕೋಬೇಕಾಯ್ತು. ಲಾಕ್‌ಡೌನ್ ಟಿಕೆಟ್‌ಗಳ ದುಡ್ಡಿನ ಬಗ್ಗೆ ನಮ್ಮ ಸುಪ್ರೀಂ ಕೋರ್ಟೇ 2020ರ ಅಕ್ಟೋಬರ್ 1ಕ್ಕೆ ಆದೇಶ ಕೊಡ್ಬೇಕಾಯ್ತು. ಅಮೆರಿಕದ ಸಾರಿಗೆ ಇಲಾಖೆ 2022ರ ನವೆಂಬರ್‌ನಲ್ಲಿ ಆರು ಕಂಪನಿಗಳಿಂದ ಒಟ್ಟು 60 ಕೋಟಿ ಡಾಲರ್‌ಗೂ ಮೇಲೆ ಪ್ರಯಾಣಿಕರಿಗೆ ವಾಪಸ್ ಕೊಡಿಸ್ತು, ಅದ್ರಲ್ಲಿ ಏರ್ ಇಂಡಿಯಾನೂ ಇತ್ತು, ಅದ್ರ ಪಾಲೇ 12 ಕೋಟಿ ಡಾಲರ್‌ಗೂ ಮೇಲೆ. ಇದೆಲ್ಲಾ ಫ್ಲೈಟ್ ಹೋಗದೇ ಇದ್ದಾಗಿನ ಕಥೆ. ಫ್ಲೈಟ್ ಹೊರಟಿದೆ, ಪಾರ್ಕ್ ತೆಗ್ದಿದೆ, ನಮ್ಗೇ ಜ್ವರ ಬಂದಿದೆ ಅಂದ್ರೆ ಯಾರೂ ಕೇಳೋರಿಲ್ಲ. ನಮ್ಮ ಅತ್ತಿಗೆ ಮನೆಯೋರಿಗೆ ಆಗಿದ್ದು ಅದೇ, ಹೊರಡೋ ಹಿಂದಿನ ಸಂಜೆ ಮಗನಿಗೆ ಟೆಸ್ಟ್ ಪಾಸಿಟಿವ್ ಬಂತು, ಅವ್ರು ಹೋಗ್ಲಿಲ್ಲ, ಸರಿಯಾದ ಕೆಲ್ಸಾನೇ ಮಾಡಿದ್ರು. ಟೂರ್‌ನೋರು ನೋ-ಶೋ, ಅಂದ್ರೆ ನೀವೇ ಬರ್ಲಿಲ್ಲ ಅಂದ್ರು, ಇನ್ಶೂರೆನ್ಸ್‌ನೋರು ಸಾಂಕ್ರಾಮಿಕ ನಮ್ಮ ಪಾಲಿಸೀಲಿ ಬರಲ್ಲ ಅಂತ ಸಣ್ಣಕ್ಷರದ ಒಂದು ಪುಟ ತೋರಿಸಿದ್ರು. ಒಂದು ರೂಪಾಯಿ ಬರ್ಲಿಲ್ಲ. ಅದೇ ಗುಂಪಲ್ಲಿ ಕೆಮ್ಮಿಕೊಂಡೇ ಹೋದ ಇನ್ನೊಂದು ಸಂಸಾರ ಪೂರ್ತಿ ಟ್ರಿಪ್ ಮುಗಿಸ್ಕೊಂಡು ಬಂತು. ಇದನ್ನ ನೋಡಿದೋರು ಮುಂದಿನ ಸಲ ಏನು ಮಾಡ್ತಾರೆ ಅಂತ ಬೇರೆ ಹೇಳ್ಬೇಕಾ.

ಆಗದ ಕೆಲ್ಸ ಏನೂ ಅಲ್ಲ ಇದು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2020ರ ಆಗಸ್ಟ್ 30ಕ್ಕೆ ದೇಶದೊಳಗಿನ ಹೆಚ್ಚಿನ ಟಿಕೆಟ್‌ಗಳಿಗೆ ತಾರೀಕು ಬದಲಾಯಿಸೋ ಶುಲ್ಕಾನೇ ತೆಗ್ದುಹಾಕ್ತು, ಮಾರನೇ ದಿನ ಡೆಲ್ಟಾ, ಅಮೆರಿಕನ್ ಏರ್‌ಲೈನ್ಸ್ ಎರಡೂ ಅದೇ ದಾರಿ ಹಿಡಿದ್ವು. ಅಷ್ಟು ವರ್ಷ ಬೇಕೇಬೇಕು ಅಂತಿದ್ದ ಶುಲ್ಕ ಎರಡೇ ದಿನದಲ್ಲಿ ಹೋಯ್ತು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಾರಿಗೆ ಇಲಾಖೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಂಭೀರ ಸಾಂಕ್ರಾಮಿಕ ಕಾಯಿಲೆ ಬಂದು ಡಾಕ್ಟರ್ ಪ್ರಯಾಣ ಬೇಡ ಅಂದ್ರೆ ಅಂಥೋರಿಗೆ ಕನಿಷ್ಠ ಐದು ವರ್ಷ ನಡೆಯೋ, ಬೇರೆಯವ್ರಿಗೂ ವರ್ಗಾಯಿಸಬಹುದಾದ ವೋಚರ್ ಕೊಡ್ಬೇಕು ಅಂತ ನಿಯಮ ಬರೀತು. ದುಡ್ಡಲ್ಲ, ವೋಚರ್ರೇ, ಆದ್ರೂ ನಾನು ಕೇಳ್ತಿರೋದು ಇದೇ ಜಾತಿ ನಿಯಮ. ಬರೀ ವಿಮಾನಕ್ಕೆ ಸಾಲದು, ಪಾರ್ಕ್ ಟಿಕೆಟ್, ಹೋಟೆಲ್, ಪ್ಯಾಕೇಜ್ ಟೂರ್ ಎಲ್ಲದಕ್ಕೂ ಬರ್ಬೇಕು, ಎಲ್ಲಾ ದೇಶದಲ್ಲೂ ಬರ್ಬೇಕು. ಡಾಕ್ಟರ್ ಚೀಟಿ ಅಥವಾ ಟೆಸ್ಟ್ ರಿಪೋರ್ಟ್ ತೋರಿಸಿದ್ರೆ ತಾರೀಕು ಬದಲಾಯಿಸಿ ಕೊಡಿ, ಆಗಲ್ಲ ಅಂದ್ರೆ ದುಡ್ಡು ಕೊಡಿ. ಸುಳ್ಳು ಚೀಟಿ ತರೋರು ಇರ್ತಾರೆ, ಒಪ್ತೀನಿ. ಅಂಥೋರು ನಾಲ್ಕು ಜನ ದುಡ್ಡು ಹೊಡೆದ್ರೂ, ನಿಜವಾಗ್ಲೂ ಜ್ವರ ಇರೋ ನಲವತ್ತು ಜನ ಕ್ಯೂನಲ್ಲಿ ನಿಲ್ಲದೇ ಇದ್ರೆ ಪಾರ್ಕಿಗೂ ಅದೇ ಲಾಭ.

ಅಲ್ಲಿ ಕೆಲ್ಸ ಮಾಡೋರ ಬಗ್ಗೆ ಒಂದು ಮಾತು ಹೇಳ್ಲೇಬೇಕು. ನಾವು ಒಂದು ದಿನ ಹೋಗಿ ಬರ್ತೀವಿ, ಟಿಕೆಟ್ ಹರಿಯೋ ಹುಡುಗಿ, ಸೀಟ್ ಬೆಲ್ಟ್ ಎಳೆದು ನೋಡೋ ಹುಡುಗ ದಿನಾ ಸಾವಿರಾರು ಜನರ ಉಸಿರಿನ ಹತ್ರ ನಿಂತಿರ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಡಿಸ್ನಿ ಪಾರ್ಕ್ ವಿಭಾಗದ 28 ಸಾವಿರ ಜನರನ್ನ ಕೆಲ್ಸದಿಂದ ತೆಗೀತೀವಿ ಅಂತ ಘೋಷಣೆ ಮಾಡ್ತು. ಹಾಗಾಗಿ ಎಲ್ಲಾ ಮುಚ್ಚಿಬಿಡಿ ಅಂತ ಹೇಳೋಕೆ ನಂಗೆ ಮನಸ್ಸು ಬರಲ್ಲ, ಮುಚ್ಚಿದ್ರೆ ಮೊದ್ಲು ಹೊಟ್ಟೆ ಮೇಲೆ ಹೊಡೆತ ಬೀಳೋದು ಅವ್ರಿಗೇ. ತೆಗ್ದಿರ್ಲಿ, ಆದ್ರೆ ಕಾಯಿಲೆ ಇರೋರು ಬರ್ದೇ ಇರೋ ಹಾಗೆ ನೋಡ್ಕೊಳ್ಳಿ, ಕೆಲ್ಸದೋರಿಗೂ ಜ್ವರ ಬಂದ ದಿನ ಸಂಬಳ ಹಿಡೀಬೇಡಿ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಪ್ರವಾಸದ ಲೇಖನ ಹಾಕೋವಾಗ ಟಿಕೆಟ್ ದರದ ಪಕ್ಕದಲ್ಲೇ ಇನ್ನೊಂದು ಸಾಲು ಹಾಕಿ, ಕಾಯಿಲೆ ಬಿದ್ರೆ ಆ ಪಾರ್ಕ್, ಆ ವಿಮಾನ, ಆ ಟೂರ್ ಕಂಪನಿ ಎಷ್ಟು ದಿನದೊಳಗೆ ಎಷ್ಟು ವಾಪಸ್ ಕೊಡುತ್ತೆ, ತಾರೀಕು ಬದಲಾಯಿಸೋಕೆ ಬಿಡುತ್ತಾ ಇಲ್ವಾ ಅಂತ. ಹೋಗೋ ದೇಶಕ್ಕೆ ಯಾವ ಲಸಿಕೆ ಬೇಕು ಅನ್ನೋದನ್ನೂ ಅಲ್ಲೇ ಬರೀರಿ, ದಡಾರದ ಎರಡು ಡೋಸ್ ಆಗಿಲ್ದೇ ಇರೋ ದೊಡ್ಡೋರೇ ಎಷ್ಟೋ ಜನ ಇದ್ದಾರೆ. ಟೂರ್ ಕಂಪನಿಯೋರು ನಿಮ್ಮ ಪತ್ರಿಕೇಲಿ ಅರ್ಧ ಪುಟ ಜಾಹೀರಾತು ಕೊಡ್ತಾರಲ್ಲ, ಈ ಸಾಲು ಇಲ್ದೇ ಇದ್ರೆ ಅವ್ರನ್ನ ನೀವೇ ಕೇಳಿ, ನಾವು ಓದುಗರು ಕೇಳಿದ್ರೆ ಫೋನ್ ಇಟ್ಬಿಡ್ತಾರೆ.

ಇಂತಿ,
ನಿಮ್ಮ ಕಾಯಂ ಓದುಗಳು