ಸುಮಾಗೆ, ಅವಳ ಒಂದು ಸಾಲಿನ ಬಗ್ಗೆ

ಪ್ರೀತಿಯ ಸುಮಾ,

ಉಳಿದ ಸುದ್ದಿಗೆಲ್ಲ ಆಮೇಲೆ ಬರೆಯುತ್ತೇನೆ. ‘ನಾನು ಲ್ಯಾಬಿಗೆ ಕಾಲಿಟ್ಟರೆ ಮಾತಾಡುತ್ತಿದ್ದವರೂ ಸುಮ್ಮನಾಗುತ್ತಾರೆ ದೊಡ್ಡಮ್ಮ, ಎಲ್ಲರಿಗೂ ಬೇಡವಾದವಳಾಗಿದ್ದೀನಾ?’ ಅಂತ ಕೇಳಿದ್ದೀಯಲ್ಲ, ಅದೊಂದೇ ತಲೆಯಲ್ಲಿ ಸುತ್ತುತ್ತಿದೆ.

ಲ್ಯಾಬಿನವರ ಕೆಲಸ, ದಾಖಲೆ ಸರಿಯಿದೆಯಾ ಅಂತ ನೋಡುವ ಕ್ಯೂಎ (ಗುಣಮಟ್ಟ ಖಾತರಿ) ಕೆಲಸ ನಿನ್ನದು. ಫ್ರೀಜರಿನ ಭಾನುವಾರದ ತಾಪಮಾನದ ರೀಡಿಂಗನ್ನು ಅಲ್ಲಿನ ಹುಡುಗ ಸೋಮವಾರ ಬಂದು ತುಂಬಿದ್ದ, ಅದು ತಪ್ಪು ಅಂತ ನೀನು ಫೈಂಡಿಂಗ್ ಬರೆದೆ. ಮೈನಸ್ 80 ಡಿಗ್ರಿಯಲ್ಲಿರಬೇಕಾದ ರಕ್ತದ ಸ್ಯಾಂಪಲ್ ಭಾನುವಾರ ಹೇಗಿತ್ತು ಅಂತ ಈಗ ಯಾರು ಹೇಳಬೇಕು? ಬರೆದದ್ದು ಸರಿ.

ಔಷಧಿ ಕಾರ್ಖಾನೆಯಲ್ಲಿ ನನಗೆ ಮೊಲಗಳ ಕೆಲಸವಿತ್ತು. ಡ್ರಿಪ್ ಬಾಟಲಿಗಳ ಪೈರೋಜನ್ ಪರೀಕ್ಷೆ, ಅಂದರೆ ಜ್ವರ ಬರಿಸುವ ಅಂಶ ಅದರಲ್ಲಿದೆಯಾ ಅಂತ ನೋಡುವುದು. ಮೂರು ಮೊಲ ಆರಿಸಿ, ಕಿವಿಯ ರಕ್ತನಾಳಕ್ಕೆ ಆ ಡ್ರಿಪ್ ದ್ರವ ಚುಚ್ಚಿ, ಮೂರು ಗಂಟೆ ಕಾಲ ಮೈಬಿಸಿ ನೋಡಿ ಬರೆಯಬೇಕು. ಮೊಲ ಗಾಬರಿಯಾದರೂ ಮೈ ಬಿಸಿಯಾಗುತ್ತದೆ, ಅದಕ್ಕೇ ನಾನು ಜೋರಾಗಿ ಮಾತೂ ಆಡುತ್ತಿರಲಿಲ್ಲ. ಒಂದು ಸಲ ಆಸ್ಪತ್ರೆಯಿಂದ ದೂರು ಬಂತು, ಡ್ರಿಪ್ ಹಾಕಿದವರಿಗೆ ಚಳಿಜ್ವರ ಅಂತ. ಮೇಲಿನವರು ನನ್ನ ಪುಸ್ತಕ ತರಿಸಿದರು. ಅಂಕಿ ಸರಿಯಾಗೇ ಇತ್ತು. ‘ನೋಡಿಯೇ ಬರೆದಿರಿ ಅನ್ನೋದಕ್ಕೆ ಏನು ಗ್ಯಾರಂಟಿ?’ ಅಂದರು. ಪುಟದಲ್ಲಿದ್ದದ್ದು ನನ್ನ ಸಹಿ ಒಂದೇ. ನನ್ನನ್ನು ಸ್ಟೋರಿಗೆ ಹಾಕಿದರು. ಆ ಕೆಲಸ ಮತ್ತೆ ಸಿಗಲಿಲ್ಲ.

ಪಕ್ಕದಲ್ಲಿ ನಿಂತು ನೋಡಿ, ನೋಡಿದೆ ಅಂತ ಬರೆದಿಡುವವರು ಒಬ್ಬರಿದ್ದಿದ್ದರೆ! ಇವತ್ತಿಗೂ ಅನ್ನಿಸುತ್ತದೆ. ನೀನು ಈಗ ಆ ಒಬ್ಬಳು. ಮುನಿಸಿಕೊಂಡ ಹುಡುಗರಿಗೆ ಇದು ತಿಳಿಯಲು ಹೊತ್ತು ಬೇಕು.

ಅಮೆರಿಕದಲ್ಲಿ ಇಂಡಸ್ಟ್ರಿಯಲ್ ಬಯೋ-ಟೆಸ್ಟ್ ಅನ್ನೋ ದೊಡ್ಡ ಲ್ಯಾಬಿತ್ತು. ಮಾಡದ ಪರೀಕ್ಷೆಗೂ ಫಲಿತಾಂಶ ಬರೆಯುತ್ತಿದ್ದರು, 1976ರಲ್ಲಿ ಸಿಕ್ಕಿಬಿದ್ದರು. ಇಂಥದ್ದನ್ನೆಲ್ಲ ಕಂಡೇ ಅಲ್ಲಿ ಔಷಧಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 1978ರಲ್ಲಿ ಜಿಎಲ್‌ಪಿ ಅನ್ನೋ ಲ್ಯಾಬ್ ಕೆಲಸದ ನಿಯಮ ತಂದದ್ದು. ಸ್ಟಡಿ ಮಾಡುವವರು ಅದೇ ಸ್ಟಡಿಗೆ ಕ್ಯೂಎ ಆಗಬಾರದು ಅಂತ ಆಗಲೇ ಬರೆದರು. ನಿನಗೆ ಗೊತ್ತಿರೋದೇ. ಆದರೂ ಹೇಳುತ್ತೇನೆ, ನೀನು ಸ್ವಲ್ಪ ದೂರ ನಿಲ್ಲಬೇಕು ಅಂತ ನಿಯಮವೇ ಇದೆ ಮಗಳೇ. ಅದು ನಿನ್ನ ಸ್ವಭಾವದ ತಪ್ಪಲ್ಲ.

ದೂರ ಅಂದರೆ ಮಾತು ಬಿಡುವುದಲ್ಲ, ಅಲ್ವಾ? ಆಡಿಟ್ ಇಲ್ಲದ ದಿನವೂ ಸುಮ್ನೆ ಒಮ್ಮೆ ಲ್ಯಾಬಿಗೆ ಹೋಗಿ ಬಾ. ವರದಿ ಮೇಲೆ ಹೋಗುವ ಮೊದಲು ಏನು ಕಂಡೆ ಅಂತ ಅವರಿಗೇ ಬಾಯಲ್ಲಿ ಹೇಳು. ವರದಿಯಲ್ಲಿ ಹೆಸರು ಬೇಡ. ಯಾವ ಪುಟ, ಯಾವ ದಿನ, ಕೆಲಸ ಹೇಗೆ ಮಾಡಬೇಕು ಅಂತ ಬರೆದಿಟ್ಟ ಎಸ್‌ಒಪಿಯಲ್ಲಿ ಏನಿದೆ, ಸಾಕು. ನಿಮ್ಮಲ್ಲಿ ಇದಕ್ಕೆ ಬೇರೆ ಪದ್ಧತಿ ಇದ್ದರೆ ನನ್ನ ಮಾತು ಬಿಡು, ನಾನು ಹಳಬಳು.

ಮತ್ತೆ ಅಲ್ಲಿಗೇ ಬರುತ್ತೇನೆ. ಅವರು ಸುಮ್ಮನಾಗುವುದು ನಿನ್ನ ಮೇಲಿನ ದ್ವೇಷಕ್ಕೇ ಇರಲಾರದು. ಹೆದರಿಕೆಯೂ ಇರುತ್ತದೆ. ಮೇಲಿನವರು ಪುಸ್ತಕ ತರಿಸಿದ ದಿನ ನನ್ನ ಬಾಯಿಂದಲೂ ಮಾತು ಹೊರಡಲಿಲ್ಲ.

ರೀಡಿಂಗ್ ತುಂಬಿದ ಆ ಹುಡುಗನನ್ನು ವಾರವೆಲ್ಲ ದುಡಿಸಿ ಭಾನುವಾರವೂ ಅವನೊಬ್ಬನಿಗೇ ಡ್ಯೂಟಿ ಹಾಕುತ್ತಾರಾ? ಕೇಳಿ ನೋಡು. ಹಾಗಿದ್ದರೆ ಅದನ್ನೂ ವರದಿಗೆ ಸೇರಿಸು. ಏನಂದ ಅಂತ ನನಗೂ ಬರೆ.

ನಿನ್ನ
ದೊಡ್ಡಮ್ಮ